ಓದು ಬಾಯಿಗೆ ಬಂದಿದೆ, ಮನಸ್ಸಿಗೆ?

ವಿಜಯವಾಡದ ಇಂದ್ರಕೀಲಾದ್ರಿಗೆ ಹತ್ತುವ ದಾರಿಯಲ್ಲಿ ಒಂದು ತೆಲುಗು ಬೋರ್ಡಿನ ಮುಂದೆ ನಿಂತು ಗಟ್ಟಿಯಾಗಿ ಓದಿದೆ: ‘ಸೆಲ್ ಫೋನ್‌ಲು ಅನುಮತಿಂಚಬಡವು’. ಒಂದಕ್ಷರವೂ ತಪ್ಪಲಿಲ್ಲ. ಕನ್ನಡ ಬಲ್ಲವರಿಗೆ ತೆಲುಗು ಲಿಪಿ ಅಷ್ಟು ಹತ್ತಿರ. ತಲೆಕಟ್ಟಿನ ಆಕಾರ ಒಂದಿಷ್ಟು ರೂಢಿಯಾದರೆ ಸಾಕು, ಉಳಿದದ್ದು ತಾನಾಗಿ ಓದಿಸಿಕೊಳ್ಳುತ್ತದೆ. ‘ಅನುಮತಿ’ ಕಂಡಿತು. ಕೊನೆಯ ‘ಅವು’ ನಮ್ಮ ಬಹುವಚನದಂತೆಯೇ ಕೇಳಿಸಿತು. ಫೋನುಗಳಿಗೆ ಅನುಮತಿ ಇದೆ ಎಂದು ತಿಳಿದು ಮುಂದೆ ಹೆಜ್ಜೆ ಇಟ್ಟೆ. ಅಕ್ಕನ ಮಗಳು ಕೈ ಹಿಡಿದು ನಿಲ್ಲಿಸಿದಳು. ‘ಮಾವ, ಫೋನ್ ತಗೊಂಡ್ ಹೋಗೋ ಹಾಗಿಲ್ಲ ಅಂತ ಬರ್ದಿದಾರೆ.’ ತೆಲುಗಿನಲ್ಲಿ ಆ ‘ಅವು’ ಇರುವುದೇ ‘ಇಲ್ಲ’ ಎಂದು ಹೇಳುವುದಕ್ಕೆ. ಇಡೀ ವಾಕ್ಯವನ್ನು ಸರಿಯಾಗಿ ಓದಿ, ಅದರ ಅರ್ಥವನ್ನು ಪೂರಾ ತಿರುಗುಮುರುಗು ಮಾಡಿಕೊಂಡಿದ್ದೆ.

ನಾಲ್ಕನೇ ತರಗತಿಯ ಆ ಹುಡುಗಿಯ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷು. ದಸರಾ ರಜೆಯಲ್ಲಿ ಅವಳ ಇಂಗ್ಲಿಷ್ ಪಾಠಗಳನ್ನು ಒಮ್ಮೆ ತಿರುವಿಹಾಕಿಸು ಎಂದು ಅಕ್ಕ ನನಗೆ ಒಪ್ಪಿಸಿದ್ದಳು. ಹಿಂದಿನ ಸಂಜೆಯಷ್ಟೇ ಅವಳು ಒಂದು ಪಾಠವನ್ನು ಎಲ್ಲೂ ತಡವರಿಸದೆ ಓದಿ ಒಪ್ಪಿಸಿದ್ದಳು. ‘ಆ ಮುದುಕ ಮರವನ್ನ ಯಾಕೆ ಕಡೀಲಿಲ್ಲ?’ ಎಂದು ಕನ್ನಡದಲ್ಲಿ ಕೇಳಿದೆ. ಹುಡುಗಿ ಪುಸ್ತಕ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಪಾಠದ ಕೊನೆಯ ಪ್ರಶ್ನೋತ್ತರಗಳಲ್ಲಿ ಮೂರನೆಯ ಉತ್ತರವನ್ನು ಬಾಯಿಪಾಠದಿಂದ ಹೇಳಿದಳು. ಅದು ಬೇರೆ ಪ್ರಶ್ನೆಯ ಉತ್ತರ. ಬೋರ್ಡಿನ ಮುಂದೆ ನಾನಿದ್ದ ಸ್ಥಿತಿ ಮತ್ತು ಪುಸ್ತಕದ ಮುಂದೆ ಅವಳಿದ್ದ ಸ್ಥಿತಿ ಒಂದೇ ಎಂದು ಬೆಟ್ಟದ ಮೆಟ್ಟಿಲ ಮೇಲೆ ನನಗೆ ಹೊಳೆಯಿತು. ಆ ಹೊಳಹು ಇನ್ನೂ ಬಿಟ್ಟುಹೋಗಿಲ್ಲ.

ಅಂದು ಮೂಲಾ ನಕ್ಷತ್ರ. ನವರಾತ್ರಿಯ ಆ ದಿನ ಬೆಟ್ಟದ ಮೇಲಿನ ಕನಕದುರ್ಗೆಗೆ ಸರಸ್ವತಿಯ ಅಲಂಕಾರ. ಕೃಷ್ಣೆಯ ದಡದಿಂದಲೇ ಸಾಲು ಶುರುವಾಗಿತ್ತು. ಸಾಲಿನ ತುಂಬ ಮಕ್ಕಳು, ಅವರ ಕೈಯಲ್ಲಿ ಪೆನ್ನು, ಸ್ಲೇಟು, ಪುಸ್ತಕ. ಅರ್ಜುನ ತಪಸ್ಸು ಮಾಡಿ ಪಾಶುಪತಾಸ್ತ್ರ ಪಡೆದ ಇಂದ್ರಕೀಲ ಇದೇ ಎಂದು ಇಲ್ಲಿನ ಸ್ಥಳಪುರಾಣ ಹೇಳುತ್ತದೆ. ಈಗ ಇಲ್ಲಿಗೆ ಬರುವ ತಂದೆ ತಾಯಿ ಮಕ್ಕಳಿಗಾಗಿ ಬೇಡುವ ಅಸ್ತ್ರಗಳಲ್ಲಿ ಇಂಗ್ಲಿಷ್ ಒಂದು. ಅದು ದುರಾಸೆ ಎಂದು ನಾನು ಹೇಳಲಾರೆ. ಕೂಲಿ ಮಾಡುವ ತಾಯಿಗೂ ಆ ಭಾಷೆ ಯಾವ ಬಾಗಿಲು ತೆರೆಯುತ್ತದೆ ಎಂಬುದು ಚೆನ್ನಾಗಿ ಗೊತ್ತು. ಆದರೆ ಮಗು ಇಂಗ್ಲಿಷ್ ಕಲಿತಿದೆ ಎಂದು ನಾವು ತಿಳಿಯುವುದು ಯಾವುದನ್ನು ನೋಡಿ? ಬಾಯಿಂದ ಸರಾಗವಾಗಿ ಬರುವ ಸದ್ದನ್ನು ಕೇಳಿ.

1986ರಲ್ಲಿ ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ ಎಂಬ ಇಬ್ಬರು ವಿದ್ವಾಂಸರು ಓದನ್ನು ಒಂದು ಸರಳ ಲೆಕ್ಕದಲ್ಲಿ ಇಟ್ಟರು. ಅಕ್ಷರ ಬಿಡಿಸುವ ಶಕ್ತಿ ಒಂದು, ಆ ಭಾಷೆಯನ್ನು ಕೇಳಿ ತಿಳಿಯುವ ಶಕ್ತಿ ಇನ್ನೊಂದು. ಓದು ಎಂದರೆ ಈ ಎರಡರ ಗುಣಲಬ್ಧ. ಮೊತ್ತ ಅಲ್ಲ, ಗುಣಲಬ್ಧ. ಕೂಡುವ ಲೆಕ್ಕವಾಗಿದ್ದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತಿತ್ತು. ಗುಣಿಸುವ ಲೆಕ್ಕದಲ್ಲಿ ಒಂದು ಸೊನ್ನೆಯಾದರೆ ಎಲ್ಲವೂ ಸೊನ್ನೆ. ಬೋರ್ಡಿನ ಮುಂದೆ ಅಕ್ಷರಕ್ಕೆ ನನ್ನ ಅಂಕ ನೂರು, ತೆಲುಗಿಗೆ ಸೊನ್ನೆ.

ಈ ದೇಶದ ಹಳ್ಳಿ ಮಕ್ಕಳ ಓದನ್ನು ಮನೆಮನೆಗೆ ಹೋಗಿ ಅಳೆಯುವ ಅಸರ್ ಸಮೀಕ್ಷೆ ಇಂಗ್ಲಿಷಿನಲ್ಲಿ ನಾಲ್ಕು ಮೆಟ್ಟಿಲು ಇಡುತ್ತದೆ: ದೊಡ್ಡಕ್ಷರ, ಚಿಕ್ಕಕ್ಷರ, ಸಣ್ಣ ಪದ, ಸುಲಭ ವಾಕ್ಯ. ಪದ ಅಥವಾ ವಾಕ್ಯ ಓದಿದ ಮಗುವನ್ನು ಅದರ ಅರ್ಥವನ್ನೂ ಕೇಳುತ್ತದೆ. 2022ರ ಸಮೀಕ್ಷೆಯಲ್ಲಿ ಐದನೇ ತರಗತಿಯ ಮಕ್ಕಳ ಪೈಕಿ ಸುಲಭ ವಾಕ್ಯ ಓದಿದವರು ಶೇ 24.5. ಆರು ವರ್ಷ ಹಿಂದೆ, 2016ರಲ್ಲಿ, ಅದು ಶೇ 24.7 ಇತ್ತು. ನಡುವೆ ಎಷ್ಟು ಯೋಜನೆ, ಎಷ್ಟು ಆ್ಯಪು, ಎಷ್ಟು ಟ್ಯೂಷನ್ನು! ಅಂಕಿ ಮಾತ್ರ ಕದಲಲಿಲ್ಲ. ಅದು ವಾಕ್ಯ ಓದಿದವರ ಲೆಕ್ಕ ಎಂಬುದನ್ನೂ ಮರೆಯಬಾರದು. ಅರ್ಥ ಹೇಳಿದವರನ್ನು ಮಾತ್ರ ಎಣಿಸಿದರೆ ಇನ್ನೂ ಕೆಳಗಿಳಿಯುತ್ತದೆ.

ಹಾಗಾದರೆ ತಿರುವಿಹಾಕುವುದು ಎಲ್ಲಿಂದ? ಅಕ್ಷರದಿಂದಲೇ, ಆದರೆ ಹೆಸರಿನಿಂದಲ್ಲ, ಸದ್ದಿನಿಂದ. ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಒಂದು ದೊಡ್ಡ ಅನುಕೂಲ ಉಂಟು. ‘ಕ’ ಎಂಬ ಅಕ್ಷರದ ಹೆಸರೂ ‘ಕ’, ಸದ್ದೂ ‘ಕ’. ‘ಮ’ ಮತ್ತು ‘ರ’ ಗೊತ್ತಾದರೆ ‘ಮರ’ ಓದಿದಂತೆಯೇ. ಇಂಗ್ಲಿಷಿನಲ್ಲಿ ‘ಸಿ’, ‘ಎ’, ‘ಟಿ’ ಎಂದು ಎಷ್ಟು ವೇಗವಾಗಿ ಹೇಳಿದರೂ ಅದು ‘ಕ್ಯಾಟ್’ ಆಗುವುದಿಲ್ಲ. ಅಕ್ಷರಕ್ಕೊಂದು ಹೆಸರು, ಅದು ಮಾಡುವ ಸದ್ದು ಬೇರೆ. ಇದನ್ನು ಯಾರೂ ಹೇಳಿಕೊಡದಿದ್ದರೆ ಮಗು ಪದವನ್ನು ಚಿತ್ರದ ಹಾಗೆ ನೆನಪಿಟ್ಟುಕೊಳ್ಳುತ್ತದೆ. ಮೊದಲ ಇನ್ನೂರು ಪದಗಳಿಗೆ ಆ ಉಪಾಯ ಸಾಕು. ಆಮೇಲೆ ನೆನಪು ಸಾಲದೆ ಹೋಗುತ್ತದೆ, ಮೂರು ನಾಲ್ಕನೇ ತರಗತಿಯ ಹೊತ್ತಿಗೆ ‘ಚೆನ್ನಾಗಿ ಓದ್ತಿತ್ತು, ಈಗ ಏನಾಯ್ತೋ’ ಎಂದು ಮನೆಯವರು ಕಂಗಾಲಾಗುತ್ತಾರೆ.

ಕಷ್ಟ ಇನ್ನೂ ಆಳದಲ್ಲಿದೆ. ‘ಮರ’ವನ್ನು ಬಿಡಿಸು ಎಂದರೆ ನಮ್ಮ ಮಗು ‘ಮ’, ‘ರ’ ಎಂದು ಎರಡಾಗಿ ಬಿಡಿಸುತ್ತದೆ. ‘ಮ್’ ಬೇರೆ, ‘ಅ’ ಬೇರೆ ಎಂದು ಸೀಳುವುದಿಲ್ಲ. ಕನ್ನಡ ಓದಲು ಆ ಸೀಳು ಬೇಕಾಗಿಯೂ ಇಲ್ಲ. ಇಂಗ್ಲಿಷಿಗೆ ಬೇಕಾದದ್ದು ಅದೇ ಸೀಳು. ‘ಮ್ಯಾಟ್’ ಎಂದರೆ ಮೂರು ಸದ್ದು. ಬೆಂಗಳೂರಿನ ಮಕ್ಕಳು ಕನ್ನಡ ಓದು ಕಲಿಯುವ ಬಗೆಯನ್ನು ಅಭ್ಯಾಸ ಮಾಡಿದ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಸಂಶೋಧನೆ ಇದನ್ನೇ ತೋರಿಸಿತು: ಗುಣಿತ, ಒತ್ತಕ್ಷರಗಳ ಕಲಿಕೆ ನಾಲ್ಕನೇ ತರಗತಿಯವರೆಗೂ ನಡೆಯುತ್ತಲೇ ಇರುತ್ತದೆ, ಬಿಡಿ ಸದ್ದಿನ ಅರಿವು ನಿಧಾನವಾಗಿ ಮೂಡುತ್ತದೆ. ಮಗು ದಡ್ಡ ಎಂದು ನಾವು ಸಿಟ್ಟಾಗುವ ಜಾಗದಲ್ಲಿ ನಿಜವಾಗಿ ಎರಡು ಲಿಪಿಗಳ ಸ್ವಭಾವಗಳು ಒಂದಕ್ಕೊಂದು ಎದುರಾಗಿ ನಿಂತಿರುತ್ತವೆ.

ನನಗೆ ದಾರಿ ತೋರಿಸಿದ್ದು ಕಾಗುಣಿತ. ಅಕ್ಕನ ಮಗಳಿಗೆ ಕ, ಕಾ, ಕಿ, ಕೀ ರಾಗವಾಗಿ ಬರುತ್ತಿತ್ತು. ಅದೇ ರಾಗದಲ್ಲಿ ಇಂಗ್ಲಿಷಿನ ಗುಣಿತ ಹೇಳಿಸಿದೆ: ಬ್ಯಾಟ್, ಬೆಟ್, ಬಿಟ್, ಬಟ್. ಮೊದಲು ಬಾಯಲ್ಲಿ, ಆಮೇಲೆ ಸ್ಲೇಟಿನ ಮೇಲೆ. ಮುಂದಿನ ಹಿಂದಿನ ಅಕ್ಷರ ಹಾಗೇ ಇದೆ, ನಡುವಿನ ಒಂದು ಸ್ವರ ಬದಲಾದರೆ ಪದವೇ ಬೇರೆ ಎಂಬುದು ಎರಡನೆಯ ದಿನಕ್ಕೆ ಅವಳಿಗೆ ಹತ್ತಿತು. ಮೂರನೆಯ ದಿನ ಕೊನೆಗೊಂದು ‘ಇ’ ಸೇರಿಸುವ ಆಟ. ‘ಮ್ಯಾಟ್’ ಹೋಗಿ ‘ಮೇಟ್’, ‘ಕಿಟ್’ ಹೋಗಿ ‘ಕೈಟ್’. ಆ ‘ಇ’ ತಾನು ಸದ್ದು ಮಾಡುವುದಿಲ್ಲ, ಹಿಂದಿನ ಸ್ವರವನ್ನು ಬದಲಿಸುತ್ತದೆ. ‘ನಮ್ಮ ದೀರ್ಘದ ಹಾಗೆ’ ಎಂದು ಅವಳೇ ಹೇಳಿದಳು. ಪೂರ್ತಿ ಸರಿಯಲ್ಲ, ಆದರೆ ಆ ವಯಸ್ಸಿಗೆ ಅಷ್ಟು ಸಾಕಾದ ಸತ್ಯ.

‘ನೈಫ್’ ಬಂದಾಗ ಜಗಳ ಹೂಡಿದಳು. ಮೊದಲಿಗೆ ‘ಕೆ’ ಯಾಕೆ? ‘ಹಾಗೇ ಇರೋದು, ಬಾಯಿಪಾಠ ಮಾಡು’ ಎಂದು ನನಗೆ ಚಿಕ್ಕಂದಿನಲ್ಲಿ ಸಿಕ್ಕ ಉತ್ತರ ಅವಳಿಗೆ ಕೊಡಲು ಮನಸ್ಸಾಗಲಿಲ್ಲ. ಆ ‘ಕ್’ ಅನ್ನು ಹಿಂದೆ ಜನ ನಿಜವಾಗಿಯೂ ಉಚ್ಚರಿಸುತ್ತಿದ್ದರು. 1476ರಲ್ಲಿ ವಿಲಿಯಂ ಕ್ಯಾಕ್ಸ್ಟನ್ ಇಂಗ್ಲೆಂಡಿನಲ್ಲಿ ಅಚ್ಚುಕೂಟ ತೆರೆದ ಮೇಲೆ ಮುದ್ರಿತ ರೂಪ ನಿಧಾನವಾಗಿ ಗಟ್ಟಿಯಾಗುತ್ತ ಹೋಯಿತು, ನಾಲಿಗೆ ಮಾತ್ರ ಬದಲಾಗುತ್ತಲೇ ಇತ್ತು. ಸ್ವರಗಳೂ ಆ ಶತಮಾನಗಳಲ್ಲಿ ಸಾಲುಸಾಲಾಗಿ ಜಾಗ ಬದಲಿಸಿದವು. ಹೀಗೆ ಇಂದಿನ ಸ್ಪೆಲಿಂಗಿನೊಳಗೆ ಹಳೆಯ ಉಚ್ಚಾರ ಕೂತಿದೆ. ಸುಮಾರು 44 ಸದ್ದುಗಳನ್ನು 26 ಅಕ್ಷರ ಹೊರಬೇಕಾಗಿರುವುದು ಇನ್ನೊಂದು ಕಾರಣ. ಮಗುವಿಗೆ ಇದರ ತಾರೀಕು ಬೇಡ. ‘ಹಿಂದೆ ಹಾಗೆ ಅನ್ನುತ್ತಿದ್ದರು’ ಎಂದರೆ ಸಾಕು. ಅನ್ಯಾಯವೆಂದು ಕಂಡದ್ದು ಕಥೆಯಾಗಿ ಕಾಣುತ್ತದೆ, ಕಥೆ ನೆನಪಿರುತ್ತದೆ.

ಅರ್ಥವಿಲ್ಲದ ಇಂಗ್ಲಿಷನ್ನು ಕೇಳಿ ಹಿಗ್ಗುವುದು ಆಂಧ್ರದ ಈ ಕರಾವಳಿಗೆ ಹೊಸದಲ್ಲ. ವಿಶಾಖಪಟ್ಟಣಕ್ಕೆ ಹತ್ತಿರದ ವಿಜಯನಗರಂನಲ್ಲಿ ಬಾಳಿದ ಗುರಜಾಡ ಅಪ್ಪಾರಾವ್ ಅವರ ‘ಕನ್ಯಾಶುಲ್ಕಂ’ ನಾಟಕ 1892ರಲ್ಲಿ ರಂಗಕ್ಕೆ ಬಂತು, 1897ರಲ್ಲಿ ಅಚ್ಚಾಯಿತು. ಅದರಲ್ಲಿ ಗಿರೀಶಂ ಎಂಬವನು ವೆಂಕಟೇಶಂ ಎಂಬ ಹುಡುಗನಿಗೆ ಇಂಗ್ಲಿಷ್ ಹೇಳಿಕೊಡುವವನು. ಇಬ್ಬರೂ ಇಂಗ್ಲಿಷಿನಲ್ಲಿ ಮಾತಾಡಿ ತೋರಿಸಿ ಎಂದು ಹುಡುಗನ ತಾಯಿ ಆಸೆಪಟ್ಟಾಗ, ಶಾಲೆಯಲ್ಲಿ ಉರುಹೊಡೆದ ಶಿಶುಗೀತೆ, ಪದ್ಯದ ಸಾಲು, ವ್ಯಾಕರಣದ ಸೂತ್ರಗಳನ್ನೇ ಒಬ್ಬರಿಗೊಬ್ಬರು ಸಂಭಾಷಣೆಯಂತೆ ಒಪ್ಪಿಸುತ್ತಾರೆ. ತಾಯಿಯ ಕಣ್ಣು ಅರಳುತ್ತದೆ. ನೂರ ಮೂವತ್ತು ವರ್ಷ ಕಳೆದರೂ ಆ ದೃಶ್ಯ ನಮ್ಮ ಮನೆಗಳ ನಡುಮನೆಯಲ್ಲೇ ನಡೆಯುತ್ತಿದೆ. ನೆಂಟರು ಬಂದಾಗ ‘ರೈಮ್ಸ್ ಹೇಳು ಪುಟ್ಟಾ’ ಎನ್ನದ ಮನೆ ಯಾವುದು? ಆ ತಾಯಿಯನ್ನು ನೋಡಿ ನಗಲು ನನ್ನಿಂದ ಆಗುವುದಿಲ್ಲ. ಮಗ ಕಲಿತಿದ್ದಾನೋ ಇಲ್ಲವೋ ತಿಳಿಯಲು ಅವಳ ಕೈಯಲ್ಲಿ ಬೇರೆ ಅಳತೆಗೋಲೇ ಇರಲಿಲ್ಲ.

ಆಂಧ್ರ ಸರ್ಕಾರ ಈಚೆಗೆ ಈ ಆಸೆಯ ಬೆನ್ನು ಹತ್ತಿ ಬಹಳ ದೂರ ಹೋಯಿತು. ಸರ್ಕಾರಿ ಶಾಲೆಗಳನ್ನು ಒಂದನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮಕ್ಕೆ ತಿರುಗಿಸುವ ಆದೇಶ 2019ರ ನವೆಂಬರಿನಲ್ಲಿ ಬಂತು. 2020ರ ಏಪ್ರಿಲ್ 15ರಂದು ಹೈಕೋರ್ಟು ಅದನ್ನು ರದ್ದುಪಡಿಸಿತು. 2023ರಲ್ಲಿ ಅಮೆರಿಕದ ಇಟಿಎಸ್ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡು ಮೂರನೇ ತರಗತಿಯಿಂದಲೇ ಟೋಫೆಲ್ ಪರೀಕ್ಷೆಗೆ ಮಕ್ಕಳನ್ನು ಸಿದ್ಧಪಡಿಸುವ ಮಾತಾಯಿತು. ಕರ್ನಾಟಕದ ಮಾಧ್ಯಮದ ಜಗಳ ಇನ್ನೂ ಹಳೆಯದು, 2014ರ ಮೇ 6ರ ಸುಪ್ರೀಂ ಕೋರ್ಟ್ ತೀರ್ಪಿನವರೆಗೂ ಹೋದದ್ದು. ಆ ವಾದ ಇಲ್ಲಿ ಬೇಡ. ಆಂಧ್ರದ ಆ ಗಲಾಟೆಯ ನಡುವೆ ಹುಟ್ಟಿದ ಒಂದು ವಸ್ತು ಮಾತ್ರ ನನಗೆ ಬಹಳ ಹಿಡಿಸಿತು: ದ್ವಿಭಾಷಾ ಪಠ್ಯಪುಸ್ತಕ. ಒಂದು ಪುಟದಲ್ಲಿ ತೆಲುಗು, ಎದುರು ಪುಟದಲ್ಲಿ ಅದೇ ಪಾಠ ಇಂಗ್ಲಿಷಿನಲ್ಲಿ. ಪಕ್ಕದ ಮನೆಯ ಹುಡುಗ, ಸರ್ಕಾರಿ ಶಾಲೆಯವನು, ಅಂಥ ವಿಜ್ಞಾನದ ಪುಸ್ತಕ ತಂದು ತೋರಿಸಿದ. ಎಡಪುಟದಲ್ಲಿ ಬೆರಳಿಟ್ಟು ಅರ್ಥ ಹಿಡಿದು, ಬಲಪುಟಕ್ಕೆ ದಾಟಿ ಅದೇ ಮಾತನ್ನು ಹುಡುಕುತ್ತಿದ್ದ. ಅವನ ಶಾಲೆಯ ಹೆಸರಿಗೆ ಹೊಳಪಿಲ್ಲ, ಆದರೆ ಅವನು ಮಾಡುತ್ತಿದ್ದುದು ನಿಜವಾದ ಓದು.

ತಾಯ್ನುಡಿಯಲ್ಲಿ ಗಳಿಸಿದ ಓದುವ ಶಕ್ತಿ ಎರಡನೆಯ ನುಡಿಗೂ ದಾಟುತ್ತದೆ ಎಂದು ಕೆನಡಾದ ಜಿಮ್ ಕಮಿನ್ಸ್ 1979ರಲ್ಲಿ ವಾದಿಸಿದರು. ನಮ್ಮ ನೆಲಕ್ಕೆ ಇದು ವಾದವೇ ಆಗಬೇಕಿರಲಿಲ್ಲ. ವಿಜಯವಾಡದಿಂದ ಏಲೂರಿನ ಕಡೆ ಹೊರಟರೆ ಸಿಗುವುದು ಹಳೆಯ ವೆಂಗಿಯ ನೆಲ. ಪಂಪನ ಪೂರ್ವಿಕರು ಆ ವೆಂಗಿಮಂಡಲದವರು. ಅವನ ತಮ್ಮ ಜಿನವಲ್ಲಭ ಕುರ್ಕ್ಯಾಲದ ಬಂಡೆಯ ಮೇಲೆ ಕೆತ್ತಿಸಿದ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಇವೆ. ನುಡಿಯಿಂದ ನುಡಿಗೆ ದಾಟುವುದು ಆ ಮನೆಗೆ ಹೊಸದಾಗಿರಲಿಲ್ಲ.

ವ್ಯಾಕರಣದ ಹೊತ್ತಿಗೆ ಬಂದಾಗಲೂ ಮನೆಮಾತೇ ಕೈಹಿಡಿಯಿತು. ‘ಎ’ ಎಲ್ಲಿ, ‘ದ’ ಎಲ್ಲಿ ಎಂಬುದು ನಮ್ಮ ಮಕ್ಕಳ ದೊಡ್ಡ ತಲೆನೋವು, ಕನ್ನಡದಲ್ಲಿ ಅಂಥದ್ದಿಲ್ಲ ಎಂದು ಎಲ್ಲ ಗೈಡುಗಳೂ ಹೇಳುತ್ತವೆ. ಇಲ್ಲವೇ? ಅಜ್ಜಿಯ ಕಥೆ ಕೇಳಿ. ‘ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಮೂರು ಜನ ಮಕ್ಕಳು.’ ಮೊದಲ ಸಲ ಬಂದಾಗ ‘ಒಬ್ಬ’, ಪರಿಚಯವಾದ ಮೇಲೆ ‘ಆ’. ಮೊದಲನೆಯದು ‘ಎ ಕಿಂಗ್’, ಎರಡನೆಯದು ‘ದ ಕಿಂಗ್’. ಹುಡುಗಿಗೆ ಇದನ್ನು ಹೇಳಿದಾಗ ಅವಳು ಪುಸ್ತಕ ಎಳೆದುಕೊಂಡು ಮುದುಕನ ಪಾಠದಲ್ಲಿ ಪೆನ್ಸಿಲಿನಿಂದ ಒಂದೊಂದೇ ಗುರುತು ಹಾಕುತ್ತ ಹೋದಳು. ಈ ಉಪಾಯ ಎಲ್ಲ ಕಡೆ ಕೆಲಸಕ್ಕೆ ಬಾರದು. ಸೂರ್ಯನಿಗೆ ಮೊದಲ ಸಲವೇ ‘ದ’ ಬೇಕು. ಆದರೂ ಅರ್ಧ ದಾರಿ ಸವೆಯುತ್ತದೆ. ‘ಶಿ ಗೋ’ ಎಂದು ಬರೆಯುವ ಹುಡುಗಿಗೆ, ನೀನು ಕನ್ನಡದಲ್ಲಿ ಹೋಗುತ್ತೇನೆ, ಹೋಗುತ್ತೀಯ, ಹೋಗುತ್ತಾಳೆ, ಹೋಗುತ್ತಾರೆ ಎಂದು ಪ್ರತಿಯೊಬ್ಬರಿಗೂ ಬಾಲ ಬದಲಿಸುತ್ತೀಯಲ್ಲ, ಇಂಗ್ಲಿಷಿನಲ್ಲಿ ಬದಲಿಸಬೇಕಾದದ್ದು ಒಂದೇ ಕಡೆ ಎಂದು ತೋರಿಸಿದೆ. ‘ಅಷ್ಟೇನಾ!’ ಎಂದಳು. ಆ ‘ಅಷ್ಟೇನಾ’ ಕೇಳಲು ನಾನು ವಿಜಯವಾಡದವರೆಗೆ ಬಂದದ್ದು ಸಾರ್ಥಕ ಎನಿಸಿತು.

‘ಇಲ್ಲ’ದ ಜಾಗವನ್ನೂ ಗಮನಿಸಬೇಕು. ನಮ್ಮಲ್ಲಿ ‘ಇಲ್ಲ’ ವಾಕ್ಯದ ಕೊನೆಗೆ ನಿಲ್ಲುತ್ತದೆ. ಇಂಗ್ಲಿಷಿನ ‘ನಾಟ್’ ನಡುವೆ ಎಲ್ಲೋ ಸಣ್ಣಗೆ ನುಸುಳಿರುತ್ತದೆ. ವೇಗವಾಗಿ ಓದುವ ಮಗು ಅದನ್ನು ಹಾರಿ ಹೋಗುತ್ತದೆ, ಅರ್ಥ ತಲೆಕೆಳಗಾಗುತ್ತದೆ. ಬೋರ್ಡಿನ ಮುಂದೆ ನನಗೆ ಆದದ್ದೂ ಅದೇ ಬಗೆಯದು. ಅದಕ್ಕೇ ವೇಗವನ್ನು ಹೊಗಳುವುದಕ್ಕೆ ನನಗೆ ಈಗ ಭಯ.

ಕರ್ನಾಟಕದ ಶಾಲೆಗಳಲ್ಲಿ ವರ್ಷದ ಆರಂಭದಲ್ಲಿ ನಡೆಯುವ ಇಂಥ ಮರುಕಲಿಕೆಗೆ ಚೆಂದದ ಹೆಸರಿದೆ: ಸೇತುಬಂಧ. ಹಿಂದಿನ ತರಗತಿಯಲ್ಲಿ ಏನು ಉಳಿದಿದೆ ಎಂದು ಮೊದಲು ಒಂದು ಪರೀಕ್ಷೆ, ಆಮೇಲೆ ಪಾಠ, ಕೊನೆಗೆ ಸಾಫಲ್ಯ ಪರೀಕ್ಷೆ. ಇದರ ಜೀವ ಇರುವುದು ಮೊದಲ ಪರೀಕ್ಷೆಯಲ್ಲಿ. ಮಗು ಎಲ್ಲಿ ನಿಂತಿದೆ ಎಂದು ನೋಡದೆ ಎಲ್ಲರಿಗೂ ಎಬಿಸಿಡಿಯಿಂದ ಶುರು ಮಾಡಿದರೆ ಬಲ್ಲವರಿಗೆ ಬೇಸರ, ಅರಿಯದವರಿಗೆ ಮತ್ತದೇ ಮಬ್ಬು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ ಇದಕ್ಕೊಂದು ಉತ್ತರ ಕೊಟ್ಟಿತ್ತು. ಕಲಿಕೆಯ ಏಣಿಯಲ್ಲಿ ಪ್ರತಿ ಮಗುವಿಗೂ ತನ್ನದೇ ಮೆಟ್ಟಿಲು, ತನ್ನದೇ ಕಾರ್ಡು. ಒಂದು ಮುಗಿಯದೆ ಮುಂದಿನದು ಇಲ್ಲ. ಅಲ್ಲಿನ ಮೇಷ್ಟರುಗಳು ಇದರ ಮೂಲವನ್ನು ಕಂಡುಬಂದದ್ದು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಯಲ್ಲಿ.

ಕೊನೆಯ ಪಾಠವನ್ನು ನಾನು ಮನೆಯಲ್ಲಿ ಮಾಡಲಿಲ್ಲ, ವಿಜಯವಾಡ ಜಂಕ್ಷನ್ನಿನಲ್ಲಿ ಮಾಡಿದೆ. ಅದಕ್ಕೆ ಕಾರಣ ಎನ್.ಎಸ್. ಪ್ರಭು. 1979ರಿಂದ 1984ರವರೆಗೆ ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ನೆರಳಿನಲ್ಲಿ, ಬೆಂಗಳೂರು, ಮದ್ರಾಸು ಮುಂತಾದ ಕಡೆಯ ಸಾಮಾನ್ಯ ಶಾಲೆಗಳಲ್ಲಿ ಅವರು ಒಂದು ಪ್ರಯೋಗ ನಡೆಸಿದರು. ಭಾಷಾಬೋಧನೆಯ ಜಗತ್ತು ಇಂದಿಗೂ ಅದನ್ನು ಬೆಂಗಳೂರು ಪ್ರಾಜೆಕ್ಟ್ ಎಂದು ಕರೆಯುತ್ತದೆ. ವ್ಯಾಕರಣದ ಪಟ್ಟಿ ಇಲ್ಲ, ಉರುಹೊಡೆಯುವುದಿಲ್ಲ. ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿ, ನಕಾಶೆ ಇಂಥವನ್ನು ಇಟ್ಟು ಒಂದು ಸಮಸ್ಯೆ ಕೊಡುವುದು. ಮೊದಲು ಮೇಷ್ಟರು ತರಗತಿಯೊಡನೆ ಒಂದನ್ನು ಬಿಡಿಸುತ್ತಾರೆ, ಅಂಥದೇ ಇನ್ನೊಂದನ್ನು ಮಕ್ಕಳು ತಾವೇ ಬಿಡಿಸುತ್ತಾರೆ. ಮನಸ್ಸು ಉತ್ತರದ ಬೆನ್ನು ಹತ್ತಿದಾಗ ಭಾಷೆ ತಾನಾಗಿ ಇಳಿಯುತ್ತದೆ ಎಂಬುದು ಅವರ ನಂಬಿಕೆ. ಕೆಲಸ ಎಷ್ಟು ಕಷ್ಟ ಇರಬೇಕು ಎಂಬುದಕ್ಕೂ ಅವರಲ್ಲಿ ಒಂದು ಅಂದಾಜಿತ್ತು: ಅರ್ಧ ತರಗತಿಗಾದರೂ ಅರ್ಧ ಕೆಲಸವಾದರೂ ಸರಿಬರಬೇಕು. ನಮ್ಮೂರಿನ ಮಕ್ಕಳ ನಡುವೆ ಹುಟ್ಟಿ ಜಗತ್ತು ಸುತ್ತಿದ ಈ ವಿಚಾರ ನಮ್ಮ ಟ್ಯೂಷನ್ ಕೋಣೆಗಳಿಗೆ ಮಾತ್ರ ಬರಲಿಲ್ಲ ಎಂಬ ಸಂಕಟ ನನ್ನದು.

ನಾನು ಹೊರಡುವ ದಿನ ಅಕ್ಕ, ಭಾವ, ಹುಡುಗಿ ನಿಲ್ದಾಣಕ್ಕೆ ಬಂದಿದ್ದರು. ವಿಶಾಖಪಟ್ಟಣದ ಕಡೆಯಿಂದ ಬರುವ ಪ್ರಶಾಂತಿ ಎಕ್ಸ್‌ಪ್ರೆಸ್ಸಿಗೆ ಇನ್ನೂ ಹೊತ್ತಿತ್ತು. ಹುಡುಗಿಗೆ ಬೋರ್ಡಿನತ್ತ ಕೈ ತೋರಿಸಿ ಮೂರು ಪ್ರಶ್ನೆ ಕೊಟ್ಟೆ. ನನ್ನ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ? ಅದಕ್ಕಿಂತ ಮೊದಲು ಎಷ್ಟು ಗಾಡಿ ಹೊರಡುತ್ತವೆ? ಚಹಾ ಕುಡಿದು ಬರಲು ನನಗೆ ಸಮಯ ಇದೆಯೇ? ಮೈಕಿನಲ್ಲಿ ತೆಲುಗು, ಹಿಂದಿ, ಇಂಗ್ಲಿಷು ಒಂದರ ಹಿಂದೊಂದು ಕೂಗುತ್ತಿದ್ದವು. ತೆಲುಗಿನಲ್ಲಿ ಕೇಳಿದ್ದನ್ನು ಇಂಗ್ಲಿಷಿನಲ್ಲಿ ಮತ್ತೆ ಕೇಳಿದಾಗ ಅವಳ ಹುಬ್ಬು ಮೇಲೇರುತ್ತಿತ್ತು: ‘ಡಿಲೇಡ್’ ಎಂದರೆ ಅದೇ! ಓಡಿದಳು, ಬೋರ್ಡು ನೋಡಿದಳು, ಬೆರಳೆಣಿಸಿದಳು, ವಾಪಸು ಬಂದು ಬೆಂಚಿನ ಮೇಲೆ ನಾಲ್ಕು ಗೆರೆಯ ಪುಸ್ತಕ ಬಿಡಿಸಿ ಬರೆದಳು. ಮೂರು ಪ್ರಶ್ನೆಗೆ ಐದು ವಾಕ್ಯ. ಎರಡರಲ್ಲಿ ಸ್ಪೆಲಿಂಗ್ ತಪ್ಪಿತ್ತು, ಒಂದು ಕಡೆ ‘ದ’ ಬಿಟ್ಟುಹೋಗಿತ್ತು. ತಿದ್ದಲು ಪೆನ್ನು ತೆಗೆದವನು ಕೊನೆಯ ಎರಡು ವಾಕ್ಯ ಓದಿ ಪೆನ್ನನ್ನು ಜೇಬಿಗೆ ಇಳಿಸಿದೆ. ‘ದ ಟ್ರೈನ್ ಈಸ್ ನಾಟ್ ಕಮಿಂಗ್ ನೌ. ಮಾವ ಕ್ಯಾನ್ ಡ್ರಿಂಕ್ ಟೀ.’

ಯಾವ ಗೈಡಿನಲ್ಲೂ ಇಲ್ಲದ ವಾಕ್ಯ. ಭಾವ ಆಗಲೇ ಚಹಾದ ಅಂಗಡಿಯ ಕಡೆ ಹೊರಟಿದ್ದರು.